ಕಂಪ್ಯೂಟರಿನೊಳಗೆ ನಡೆಯುವ ಹೆಂಗಸು

ನನ್ನ ಗಂಡ ಹಗಲೂ ರಾತ್ರಿ ಚಿಂತೆ ಮಾಡುತ್ತಿದ್ದ ಹೆಂಗಸೊಬ್ಬಳಿದ್ದಳು. ಅವಳಿಗೆ ಹೆಸರಿರಲಿಲ್ಲ, ಮೈಯೂ ಇರಲಿಲ್ಲ. ಆದರೂ ಅವಳ ಮೇಲೆ ಬಂದಷ್ಟು ಹೊಟ್ಟೆಕಿಚ್ಚು ನನಗೆ ಈ ಜನ್ಮದಲ್ಲಿ ಬೇರೆ ಯಾರ ಮೇಲೂ ಬಂದಿಲ್ಲ.

ಇವರು ಸುಳ್ಯದ ಒಂದು ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸುವವರು. ಸಂಜೆ ಪುತ್ತೂರಿನ ದರ್ಬೆಯ ನಮ್ಮ ಮನೆಗೆ ಬಂದವರೇ ಕಂಪ್ಯೂಟರಿನ ಎದುರು ಕೂರುತ್ತಿದ್ದರು. ಪುತ್ತೂರು, ಸುಳ್ಯ, ಕಡಬದ ಹಾಗೆಯೇ ಇರುವ ಒಂದು ಸುಳ್ಳು ಊರನ್ನು ಅದರೊಳಗೆ ಕಟ್ಟುತ್ತಿದ್ದರು. ಊರಿನ ತುಂಬ ಸುಳ್ಳು ಜನ. ಪ್ರತಿಯೊಬ್ಬರಿಗೂ ಒಂದು ವಯಸ್ಸು, ಒಂದು ತೂಕ, ರಕ್ತದಲ್ಲಿ ಇಷ್ಟೆಂದು ಸಕ್ಕರೆ. ಗುಂಡಿ ಒತ್ತಿದರೆ ವರ್ಷಗಳು ಓಡುತ್ತವೆ. ಯಾರ ಕಿಡ್ನಿ ಕೆಡುತ್ತದೆ, ಯಾರ ಕಾಲು ಹೋಗುತ್ತದೆ ಎಂದು ಕಾಣುತ್ತದೆ. ಎಲ್ಲರೂ ಅನ್ನ ಕಡಿಮೆ ಮಾಡಿದರೆ ಏನಾದೀತು, ಎಲ್ಲರೂ ದಿನಾ ನಡೆದರೆ ಏನಾದೀತು ಎಂದು ಮೊದಲೇ ನೋಡಬಹುದು. ಸರ್ಕಾರಕ್ಕೆ ಬಹಳ ಉಪಯೋಗವಂತೆ. ಆಗಲಿ.

ಲೆಕ್ಕ ಸರಿಯಾಗಿದೆಯೇ ಎಂದು ನೋಡಲು ಇವರು ಆ ಜನರಲ್ಲಿ ಒಬ್ಬಳನ್ನು ಆರಿಸಿಕೊಂಡಿದ್ದರು. ನನ್ನದೇ ಪ್ರಾಯದವಳು, ನನ್ನ ಹಾಗೆಯೇ ಸಕ್ಕರೆ ಕಾಯಿಲೆಯವಳು. ಊಟಕ್ಕೆ ಕೂತರೂ ಅವಳದೇ ಸುದ್ದಿ.

"ಅವಳ ಶುಗರ್ ಎಷ್ಟು ಚಂದ ಇಳ್ದುಂಟು ಗೊತ್ತುಂಟಾ? ದಿನಾ ಸಂಜೆ ನಡೀತಾಳೆ."

"ನನ್ನದು ಎಷ್ಟುಂಟು, ಕೇಳಿದ್ದೀರಾ?"

"ನೀನೂ ನಡಿ ಮಾರಾಯ್ತಿ. ಡಾಕ್ಟ್ರು ಹೇಳಿದ್ದಾರಲ್ಲ."

ಮೈಯೆಲ್ಲ ಉರಿಯಿತು. ಆಗಲೇ ನನ್ನ ಎಡಗಾಲಿನ ಬೆರಳುಗಳು ಜೋಮು ಹಿಡಿದಂತಿದ್ದವು. ಚಪ್ಪಲಿ ಜಾರಿದರೂ ಗೊತ್ತಾಗುತ್ತಿರಲಿಲ್ಲ. ಇವರಿಗೆ ಹೇಳಿರಲಿಲ್ಲ. ಕೇಳಲಿ, ಆಮೇಲೆ ಹೇಳುತ್ತೇನೆ ಎಂಬ ಹಟ. ಆ ಬಿನ್ನಾಣಗಿತ್ತಿಯ ಕಾಲಿಗೆ ಮಾತ್ರ ದಿನಾ ವಿಚಾರಣೆ!

ನಾನು ನಡೆಯಲು ಹೊರಡಲಿಲ್ಲವೆಂದಲ್ಲ. ನಮ್ಮಲ್ಲಿ ಗುರುತಿನವರು ನಡೆದು ಹೋಗುವುದನ್ನು ಕಂಡೂ ಗಾಡಿ ನಿಲ್ಲಿಸದಿದ್ದರೆ ಅದು ಮರ್ಯಾದೆಯಲ್ಲ. ನಿಲ್ಲಿಸಿದ ಮೇಲೆ ಹತ್ತದಿದ್ದರೆ ಅದಕ್ಕಿಂತ ದೊಡ್ಡ ತಪ್ಪು. ನಾನು ತಿರುವು ದಾಟುವ ಮೊದಲೇ ಪಕ್ಕದ ಮನೆಯ ಬ್ಯಾರಿಯವರ ಕಾರು ನಿಲ್ಲುತ್ತಿತ್ತು.

"ಎಂತ ಅಕ್ಕ, ನಡ್ಕೊಂಡು ಹೋಗುದು? ಹತ್ತಿ, ಬಿಡ್ತೇನೆ."

"ಬೇಡ, ಸುಮ್ನೆ ನಡೀಲಿಕ್ಕೆ ಹೊರಟದ್ದು."

"ಸುಮ್ನೆ ಯಾಕೆ ನಡೀಬೇಕು? ನಮ್ಮ ಕಾರಿಲ್ವಾ? ನಮ್ಮ ಮೇಲೆ ಎಂತಾದ್ರೂ ಬೇಜಾರುಂಟಾ?"

ಹತ್ತಿದೆ. ಎಲ್ಲಿಗೆಂದು ಕೇಳಿದಾಗ ಬಾಯಿಗೆ ಬಂದದ್ದು ಮಾರ್ಕೆಟ್. ಅಲ್ಲಿ ಇಳಿದು, ಕೆಲಸವಿಲ್ಲದೆ ಕೊತ್ತಂಬರಿ ಸೊಪ್ಪು ಕೊಂಡು, ಮತ್ತೊಬ್ಬ ಪರಿಚಯದವರ ರಿಕ್ಷಾದಲ್ಲಿ ವಾಪಸು. ಮಾರನೆಯ ದಿನವೂ ಅದೇ ಕತೆ. ಫ್ರಿಜ್ಜಿನಲ್ಲಿ ಕೊತ್ತಂಬರಿ ಕೊಳೆಯತೊಡಗಿತು.

ಒಂದು ಭಾನುವಾರ ಇವರು ಕುರ್ಚಿಯಿಂದ ಹಾರಿ ಬೀಳುವ ಹಾಗೆ ಕೂಗಿದರು. "ಬಾ ಇಲ್ಲಿ! ಅವಳ ಕಾಲು ಉಳೀತು!"

ನನ್ನ ಪಿತ್ತ ನೆತ್ತಿಗೇರಿತು. "ಉಳೀದೆ ಎಂತ? ಅವಳಿಗೆ ಯಾರೂ ಕಾರು ನಿಲ್ಲಿಸುದಿಲ್ಲವಲ್ಲ! ಅವಳು ಯಾವ ಊರಿನವಳು ಮಾರಾಯ್ರೆ? ಪುತ್ತೂರಿನವಳಂತೂ ಅಲ್ಲ!"

ಇವರು ನಗಲಿಲ್ಲ. ಕಾರು, ರಿಕ್ಷಾ, ಕೊತ್ತಂಬರಿ, ಎಲ್ಲವನ್ನೂ ಕೇಳಿಸಿಕೊಂಡರು. ನಡೆಯಲು ಹೊರಟವರನ್ನು ಯಾರಾದರೂ ಹತ್ತಿಸಿಕೊಳ್ಳುವಂತೆ ಆ ಸುಳ್ಳು ಊರನ್ನು ತಿದ್ದಿ ಗುಂಡಿ ಒತ್ತಿದರು. ನಾನು ಬೆನ್ನ ಹಿಂದೆ ನಿಂತಿದ್ದೆ. ಅವಳ ಸೊಕ್ಕು ಇಳಿಯಲಿ ಎಂದೇ ನಿಂತಿದ್ದೆ. ವರ್ಷಗಳು ಓಡಿದವು, ಸಕ್ಕರೆ ಏರಿತು.

"ಅಯ್ಯೋ ಪಾಪ, ಕಾಲು ಹೋಯ್ತು" ಎಂದರು. "ಮೊದಲು ಬೆರಳಿಗೆ ಜೋಮು. ಮತ್ತೆ ಗಾಯ ಆದ್ರೂ ಗೊತ್ತಾಗುದಿಲ್ಲ."

ಸಂತೋಷವಾಗಬೇಕಿತ್ತು. ನಾನು ನನ್ನ ಎಡಗಾಲಿನ ಬೆರಳು ನೋಡಿಕೊಂಡೆ.

"ಚಪ್ಪಲಿ ಜಾರಿದ್ರೂ ಗೊತ್ತಾಗುದಿಲ್ಲ" ಎಂದೆ.

ಇವರು ಕುರ್ಚಿ ತಿರುಗಿಸಿ ನನ್ನ ಕಾಲು ನೋಡಿದರು. ನೆಲದ ಮೇಲೆ ಕೂತು ಬೆರಳುಗಳನ್ನು ಒಂದೊಂದಾಗಿ ಒತ್ತಿ, "ಇದು? ಇದು ಗೊತ್ತಾಗ್ತದಾ?" ಎಂದು ಕೇಳಿದರು.

ಮರುದಿನ ಡಾಕ್ಟರು ಮದ್ದು ಬದಲಾಯಿಸಿದರು. ಇನ್ನೂ ತಡ ಮಾಡಿದ್ದರೆ ಕಷ್ಟವಿತ್ತು ಎಂದರು. ಅಂದಿನಿಂದ ಸಂಜೆ ಇಬ್ಬರೂ ನಡೆಯುತ್ತೇವೆ. ಕಾರು ನಿಂತರೆ ಇವರೇ "ನೀವು ಹೋಗಿ, ನಮಗೆ ನಡೀಲಿಕ್ಕುಂಟು" ಎನ್ನುತ್ತಾರೆ. ಗಂಡ ಹೆಂಡತಿ ಒಟ್ಟಿಗೆ ಹೊರಟರೆ ಯಾರೂ ಒತ್ತಾಯ ಮಾಡುವುದಿಲ್ಲ.

ಮೊನ್ನೆ ತಿರುವಿನಲ್ಲಿ ಇವರು ತಟ್ಟನೆ ನಿಂತರು. ಮುಖದಲ್ಲಿ ಅದೇ ಹಳೆಯ ಉಮೇದು.

"ನೋಡು, ಅವಳ ಒಟ್ಟಿಗೂ ಒಬ್ಬ ಗಂಡನನ್ನು ನಡೆಸಿದ್ರೆ ಅವಳ ಕಾಲೂ ಉಳೀತದೆ."

"ನಡೆಸಿ" ಎಂದೆ. "ಆದ್ರೆ ಅವನು ಒಂಚೂರೂ ನಿಮ್ಮ ಹಾಗೆ ಇರ್ಬಾರ್ದು."