ಪಾಪಕುರಾ ಹಳ್ಳದ ನೀಲಿ ಗೆರೆ

ಆ ಗೆರೆ ಎಳೆದವನು ನಾನು, ಶೈಲಜಾ ಅವರೇ. ಎಳೆದದ್ದಕ್ಕೆ ಎಳ್ಳಷ್ಟೂ ಪಶ್ಚಾತ್ತಾಪವಿಲ್ಲ. ಇವತ್ತು ಹೇಳಿದರೂ ಅಲ್ಲೇ ಎಳೆಯುತ್ತೇನೆ. ನನ್ನ ತಪ್ಪು ಬೇರೆ — ಎಳೆದು, ಬಾಯಿ ಮುಚ್ಚಿಕೊಂಡು ಕೂತದ್ದು.

ನಿಮಗೆ ಗೊತ್ತಿರುವುದನ್ನೇ ಹೇಳುತ್ತಿದ್ದೇನೆ, ಆದರೂ ನನ್ನ ಬಾಯಿಂದ ಬರಲಿ. ಎರಡು ಸಾವಿರದ ಇಸವಿಯ ನಂತರದ ವರ್ಷಗಳಲ್ಲಿ, ಈ ಪರದೇಶದಲ್ಲಿ, ನಾವಿಬ್ಬರೂ ಒಂದೇ ಕೌನ್ಸಿಲ್ ಕಚೇರಿಯಲ್ಲಿ, ಅಂದರೆ ನಗರಸಭೆಯಲ್ಲಿ, ಇದ್ದೆವು. ಪಾಪಕುರಾ ಬಡಾವಣೆಯ ನಕ್ಷೆ ಮಾಡುವುದು ನನ್ನ ಕೆಲಸ, ಅದನ್ನು ಜನರಿಗೆ ವಿವರಿಸುವುದು ನಿಮ್ಮದು. ಭೂಮಿ ಬಿಸಿಯಾಗಿ ಮಳೆ ಜೋರಾದರೆ ಹಳ್ಳದ ನೀರು ಎಲ್ಲಿಯವರೆಗೆ ನುಗ್ಗಬಹುದು ಎಂಬುದೇ ಆ ನೀಲಿ ಗೆರೆ. ಯುರೋಪಿನ ನಗರಗಳು ಹೀಗೆ ಮುಂದಾಲೋಚನೆ ಮಾಡುತ್ತವೆ ಎಂದು ಭಾಷಣ ಬಿಗಿಯುತ್ತಿದ್ದ ನಮ್ಮ ಮ್ಯಾನೇಜರ್, ಇಲ್ಲಿಗೆ ಮಾತ್ರ ಸದ್ಯಕ್ಕೆ ಬೇಡ ಎಂದರು. ಜಗಳವಾಡಿ ಸೇರಿಸಿದೆ. ಕಚೇರಿಯಲ್ಲಿ ನಾನು ಹುಲಿ.

ಆದರೆ ನಮ್ಮವರ ನಡುವೆ —

ಹಳ್ಳದ ಪಕ್ಕ ಮನೆ ಕೊಂಡ ಕನ್ನಡದವರು ಕೆಲವರಿದ್ದರು; ಅವರ ಮನೆಗಳು ಗೆರೆಯೊಳಗೆ ಬಿದ್ದವು. ನಕ್ಷೆ ಹಿಡಿದು ನಿಂತವರು ನೀವು, ಹಾಗಾಗಿ ಗೆರೆಯೂ ನಿಮ್ಮದೇ ಎಂದುಕೊಂಡರು. ಆ ಯುಗಾದಿಗೆ ಬಾಟನಿ ಡೌನ್ಸ್ ಹಾಲ್‌ನಲ್ಲಿ ಎಂದಿನಂತೆ ಮನೆಗೊಂದು ಅಡುಗೆ. ನಿಮ್ಮ ಎಣ್ಣೆಗಾಯಿ ಪಾತ್ರೆಯ ಮುಚ್ಚಳವನ್ನು ಯಾರೂ ತೆಗೆಯಲಿಲ್ಲ. ನಾನೂ.

"ನಮ್ಮೋರೇ ಹಿಂಗ್ ಮಾಡಿದ್ರೆ ಹೆಂಗಮ್ಮ? ಇನ್ನು ನಮ್ಮನೇನ ಯಾರ್ ತಗೋತಾರೆ?" ಎಂದರು ಹಳ್ಳದ ಪಕ್ಕದ ಮನೆಯ ಮೂರ್ತಿ ಅಂಕಲ್, ಎಲ್ಲರಿಗೂ ಕೇಳುವಂತೆ.

"ಗೆರಿ ನಾ ಎಳದಿಲ್ರಿ ಅಂಕಲ್. ಆದ್ರ ಅದು ಖರೇ ಐತಿ. ಯಾರ್ ಎಳದಾರಂತ ನಾ ಹೇಳಂಗಿಲ್ಲ," ಎಂದಿರಿ ನೀವು.

ನೀವು ನನ್ನ ಕಡೆ ನೋಡಲೂ ಇಲ್ಲ. ನಾನು ಪಾಯಸ ಬಡಿಸುತ್ತಿದ್ದೆ. ಆಗ ನಾನು ಆಡಿದ ಮಾತು ಇಷ್ಟೇ: "ಇನ್ನೊಂದು ಸೌಟು ಹಾಕ್ಲಾ ಅಂಕಲ್?"

ಹೆದರಿಕೆ ಕೆಲಸದ್ದಲ್ಲ, ವೀಸಾದ್ದೂ ಅಲ್ಲ. ಎಲ್ಲರಿಗೂ ಬೇಕಾದವನಾಗಿರುವ ಚಟ. ನೀವು ಮತ್ತೆ ಯಾವ ಹಬ್ಬಕ್ಕೂ ಬರಲಿಲ್ಲ. ಊರೇ ಬಿಟ್ಟು ಜಾನ್ಸನ್‌ವಿಲ್‌ಗೆ ಹೋದಿರೆಂದು ಆಮೇಲೆ ಕೇಳಿದೆ. ಅಷ್ಟು ದೂರ ನಿಮ್ಮನ್ನು ಅಟ್ಟಿದ್ದು ಆ ಗೆರೆಯಲ್ಲ, ನಾನು.

ಹಳ್ಳದ ಪಕ್ಕದ ಆ ಬೀದಿಗೆ ಇಷ್ಟು ವರ್ಷವಾದರೂ ನೀರು ಇನ್ನೂ ನುಗ್ಗಿಲ್ಲ. ನುಗ್ಗದಿದ್ದರೂ ಗೆರೆ ಸರಿ — ಈ ಮಾತಿಗೆ ಯಾರ ಜೊತೆ ಬೇಕಾದರೂ ಜಗಳಕ್ಕೆ ನಿಲ್ಲುತ್ತೇನೆ. ಹೋದ ವಾರ ಮೂರ್ತಿ ಅಂಕಲ್ ಮನೆಗೇ ಹೋಗಿ, ಗೆರೆ ಎಳೆದವನು ನಾನೇ ಎಂದು ಹೇಳಿದೆ. ಬೈಯುತ್ತಾರೆ ಎಂದುಕೊಂಡೆ, ವಾದಕ್ಕೂ ಸಿದ್ಧನಾಗಿದ್ದೆ. ಅವರು, "ಆ ಹುಡುಗಿಗೆ ತಪ್ಪಾಯ್ತು ಅಂತ ಹೇಳಿದ್ಯೇನಪ್ಪಾ?" ಎಂದರು.

ಇಲ್ಲ ಎಂದೆ.

"ಮತ್ತೆ ನನ್ನ ಹತ್ರ ಯಾಕ್ ಬಂದೆ?" ಎಂದು ಬಾಗಿಲು ಹಾಕಿಕೊಂಡರು.