ನಾಯಿಗೂಡು ಖಾಲಿಯಾದ ಬಗೆ

ನಮ್ಮ ನಾಯಿಗೂಡಿನಲ್ಲಿ ಈಗ ತೆಂಗಿನ ಸಿಪ್ಪೆ ತುಂಬಿಸಿಟ್ಟಿದ್ದೇನೆ. ಬಿ.ಸಿ.ರೋಡಿನಲ್ಲಿ ಹೇಳಿ ಮಾಡಿಸಿದ ಕಬ್ಬಿಣದ ಗೂಡು ಮಾರಾಯ್ರೆ, ಮೇಲೆ ಶೀಟು ಬೇರೆ! ನಮ್ಮ ಕಡೆ ಹಗಲು ನಾಯಿ ಗೂಡಿನಲ್ಲಿ, ರಾತ್ರಿ ಅಂಗಳದಲ್ಲಿ. ಎಲ್ಲರೂ ಮಾಡುವುದು ಹಾಗೆ, ನಾನೂ ಮಾಡಿದೆ. ಬೆಳಿಗ್ಗೆ ಎಂಟಕ್ಕೆ ಚಿಲಕ ಹಾಕಿ ಶಾಲೆಗೆ ಹೊರಟರೆ ಬರುವುದು ಸಂಜೆ ಐದಕ್ಕೆ. ಮನೆಯಲ್ಲಿ ನಾನು ಮತ್ತು ಅದು, ಇಬ್ಬರೇ.

ಒಂದು ದಿನ ಪಕ್ಕದ ಮನೆಯ ಉಮ್ಮ ನಡುವಿನ ಪಾಗಾರದ ಗೋಡೆಯ ಆಚೆಯಿಂದ ಕರೆದರು. ಬ್ಯಾರಿ ಮುಸ್ಲಿಮರ ಮನೆಯ ಹಿರಿಯ ಹೆಂಗಸು, ಹಿಂದಿನ ಜಗಲಿಯಲ್ಲಿ ಕೂತು ಇಡೀ ದಿನ ಬೀಡಿ ಕಟ್ಟುವವರು.

"ಟೀಚರ್, ನೀವು ಹೋದ ಮೇಲೆ ಅದು ಅಳ್ತದೆ. ಕೇಳ್ಲಿಕ್ಕೆ ಆಗುವುದಿಲ್ಲ."

ನನಗೆ ಮೂಗಿನ ತುದಿಯಲ್ಲೇ ಸಿಟ್ಟು. "ನಿಮಗೆ ನಾಯಿ ಅಂದ್ರೆ ಆಗುವುದಿಲ್ಲ, ಅದಕ್ಕೆ ಹಾಗೆ ಹೇಳ್ತೀರಿ" ಅಂದುಬಿಟ್ಟೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅವರು ಬೀಡಿಯ ಗೆರಸೆ ಎತ್ತಿಕೊಂಡು ಒಳಗೆ ಹೋದರು.

ಆ ಸಂಜೆ ಗೂಡಿನ ಸರಳಿನಲ್ಲಿ ರಕ್ತ ನೋಡಿದೆ. ನಾಯಿಯ ಮೂತಿ ಸುಲಿದಿತ್ತು, ಒಂದು ಹಲ್ಲು ಮುರಿದಿತ್ತು. ದಿನವಿಡೀ ಸರಳು ಕಚ್ಚಿದ್ದು, ಪಾಪ. ನನ್ನನ್ನು ಕಂಡು ಬಾಲ ಬೇರೆ ಅಲ್ಲಾಡಿಸಿತು! ಅಲ್ಲೇ ಕೂತು ಅತ್ತೆ.

"ಕಕ್ಕಿಂಜೆಯಲ್ಲಿ ನನ್ನ ಅಣ್ಣನ ತೋಟ ಉಂಟು, ಅಲ್ಲಿಗೆ ಕೊಡಿ" ಅಂದರು ಶಾಲೆಯಲ್ಲಿ ಒಬ್ಬರು. ಮನಸ್ಸು ಬರಲಿಲ್ಲ. ಎರಡು ತೆಂಗಿನಮರಗಳ ನಡುವೆ ಸರಿಗೆ ತಂತಿ ಎಳೆಸಿ, ಅದರಲ್ಲಿ ಕಬ್ಬಿಣದ ಬಳೆ ಹಾಕಿ, ಅದಕ್ಕೆ ಸಂಕಲೆ ಕಟ್ಟಿಸಿದೆ. ಬಳೆ ಜಾರಿದಷ್ಟು ದೂರ ನಾಯಿ ಓಡಾಡಬಹುದು. ಅಳು ನಿಂತಿತು. ಸರಿಗೆಯಿಂದಲೇ ನಿಂತಿತು ಅಂದುಕೊಂಡಿದ್ದೆ. ಒಂದು ರಜೆಯ ದಿನ ಕೇಳುತ್ತೇನೆ, ಉಮ್ಮ ಬೀಡಿ ಕಟ್ಟುತ್ತಾ ಅದರ ಹತ್ತಿರ ಬ್ಯಾರಿ ಭಾಷೆಯಲ್ಲಿ ಮಾತಾಡುತ್ತಿದ್ದಾರೆ. ಹೆಚ್ಚಿನದು ಬೈಗುಳವೇ. ನಾಯಿ ಪಾಗಾರದ ಬುಡದಲ್ಲಿ ಮಲಗಿ ಸುಖವಾಗಿ ಬೈಸಿಕೊಳ್ಳುತ್ತಿತ್ತು. ಆದರೂ ತಪ್ಪಾಯ್ತು ಅನ್ನಲು ನನ್ನ ನಾಲಿಗೆ ಏಳಲಿಲ್ಲ.

ಒಂದು ಸಂಜೆ ಬಂದು ನೋಡಿದರೆ ಸಂಕಲೆ ಪಾಗಾರದ ಮೇಲಿಂದ ಆಚೆಗೆ ಇಳಿಬಿದ್ದಿದೆ, ನಾಯಿ ಇಲ್ಲ. ಅಯ್ಯೋ ದೇವರೇ! ಉಮ್ಮನ ಅಂಗಳಕ್ಕೆ ಓಡಿದೆ. ಅದು ಅಲ್ಲಿ ಮಲಗಿ ಏದುಸಿರು ಬಿಡುತ್ತಿತ್ತು. ಬೆಕ್ಕಿನ ಹಿಂದೆ ಪಾಗಾರ ಹಾರಿ, ಸಂಕಲೆಯ ಉದ್ದ ಸಾಲದೆ ಕುತ್ತಿಗೆ ಬಿಗಿದು ನೇತಾಡಿತಂತೆ. ಉಮ್ಮ ಅದನ್ನು ಎದೆಗೆ ಎತ್ತಿ ಹಿಡಿದು ಬೆಲ್ಟು ಬಿಚ್ಚಿದರೆಂದು ಅವರ ಸೊಸೆ ಹೇಳಿದಳು.

ಉಮ್ಮ ಹೊರಗಿನ ನೀರಿನ ತೊಟ್ಟಿಯ ಹತ್ತಿರ ಕೂತು ಕೈಗೆ ಮಣ್ಣು ಉಜ್ಜುತ್ತಿದ್ದರು. ನಾಯಿಯ ಜೊಲ್ಲು ತಾಗಿದರೆ ಅವರಲ್ಲಿ ಏಳು ಸಲ ತೊಳೆಯಬೇಕು, ಅದರಲ್ಲಿ ಒಂದು ಸಲ ಮಣ್ಣು ಹಾಕಿ.

"ನನ್ನ ನಾಯಿಯಿಂದಾಗಿ ನಿಮಗೆ..." ಅಂದೆ.

"ಇದು ತೊಳೆದರೆ ಹೋಗ್ತದೆ ಟೀಚರ್. ಅದು ನನ್ನ ಕಣ್ಣೆದುರು ಸತ್ತಿದ್ದರೆ, ಅದನ್ನು ಎಂಥದರಲ್ಲಿ ತೊಳೆಯುವುದು?"

"ಇನ್ನು ಎಷ್ಟು ಸಲ ಉಂಟು?" ಅಂತ ಕೇಳಿದೆ.

"ಆರು."

ನಾನು ಚೆಂಬು ತೆಗೆದುಕೊಂಡು ಅವರ ಕೈಗೆ ನೀರು ಹೊಯ್ದೆ.