ನಡುಮೈದಾನದ ನೆರೆಯಾ

ಕೆಲವು ಹೆಸರುಗಳು ಕಿವಿಗೆ ಬಿದ್ದ ಕೂಡಲೇ ವ್ಯಾಕರಣದ ತಕರಾರು ಎಬ್ಬಿಸುತ್ತವೆ. ಸ್ಪೇನ್ ದೇಶದ ವೃತ್ತಿಪರ ಫುಟ್‌ಬಾಲ್ ಆಟಗಾರ್ತಿಯೊಬ್ಬಳು ಸ್ಯಾನ್ ಡಿಯಾಗೊದ ಸ್ಕ್ರಿಪ್ಸ್ ರ್ಯಾಂಚಿನ ನಮ್ಮ ಮನೆಯ ಗರಾಜಿನ ಮೇಲಿನ ಕೋಣೆಗೆ ಬಾಡಿಗೆಗೆ ಬರುತ್ತಾಳೆ, ಅವಳ ಹೆಸರು ನೆರೆಯಾ ಎಂದು ನಾನು ಸುದ್ದಿ ತಂದಾಗ, ಧಾರವಾಡದವಳಾದ ನನ್ನ ಹೆಂಡತಿ ವಿಮಲಾ ಅದನ್ನು ಹೆಸರೆಂದೇ ಒಪ್ಪಲಿಲ್ಲ.

"ನೆರೆಯಾಕಿ ಅಂದ್ರ ಬಾಜೂ ಮನಿಯಾಕಿ ಅಲ್ಲೇನ್ರಿ? ಆಕಿ ಹೆಸರೇನು ಅಂತ ಕೇಳಿದ್ರ ಆಕಿ ಎಲ್ಲಿರ್ತಾಳ ಅಂತ ಹೇಳಾಕತ್ತೀರಿ!"

ಇಂಥ ಅವಕಾಶವನ್ನು ಕೈಬಿಡುವ ಮನುಷ್ಯ ನಾನಲ್ಲ. ನೆರೆ ಎಂದರೆ ಪಕ್ಕ, ನೆರೆ ಎಂದರೆ ಪ್ರವಾಹ, ನೆರೆ ಎಂದರೆ ಕೂದಲು ಬೆಳ್ಳಗಾಗುವುದು ಎಂದು ಶಬ್ದಪಾಂಡಿತ್ಯವನ್ನು ಹರಡತೊಡಗಿದೆ. ಮೂರನೆಯ ಅರ್ಥಕ್ಕೆ ಬಂದಾಗ ಅವಳು ಉದಾಹರಣೆ ಕೇಳುವ ಅಗತ್ಯವಿಲ್ಲದೆ ನನ್ನ ತಲೆಯನ್ನೇ ಒಮ್ಮೆ ನೋಡಿ ಒಳಗೆ ಹೋದಳು. ಕೋವಿಡ್ಡಿನ ಮುಖಗವಸುಗಳು ಕಾರಿನ ಡ್ಯಾಶ್‌ಬೋರ್ಡಿನ ಮೇಲೆ ಇನ್ನೂ ಬಿಸಿಲಿಗೆ ಮಾಸುತ್ತ ಬಿದ್ದಿದ್ದ ದಿನಗಳವು. ಒಂದು ಶನಿವಾರ ನೆರೆಯಾ ಎರಡು ಚೀಲ ಹಿಡಿದು ಬಂದಳು. ಒಂದರಲ್ಲಿ ಬಟ್ಟೆ, ಇನ್ನೊಂದರಲ್ಲಿ ಬರೀ ಬೂಟು. ತನ್ನ ಅಜ್ಜಿಯ ಭಾಷೆಯಲ್ಲಿ ಈ ಹೆಸರಿಗೆ 'ನನ್ನವಳು' ಎಂಬ ಅರ್ಥವಿದೆ ಎಂದು ಅವಳೇ ಹೇಳಿದ ಮೇಲೆ ವಿಮಲಾಳ ತಕರಾರು ಇತ್ಯರ್ಥವಾಯಿತು. ನಮ್ಮ ಮಗಳು ಮೇಘನಾಳ ಗೆಳತಿಯರನ್ನು ಅನುಕರಿಸಿ ಅವಳೂ ನಮ್ಮನ್ನು ಅಂಕಲ್, ಆಂಟಿ ಎನ್ನತೊಡಗಿದಳು. ಅವಳ ಸ್ಪ್ಯಾನಿಷ್ ಲಯದ ಇಂಗ್ಲಿಷನ್ನು ಇಲ್ಲಿ ನಾನು ಕನ್ನಡಕ್ಕೆ ತಂದಿದ್ದೇನೆ. ಲಯ ಕೆಟ್ಟಿದ್ದರೆ ತಪ್ಪು ನನ್ನದು.

ಫುಟ್‌ಬಾಲಿನ ಬಗ್ಗೆ ನನ್ನ ಜ್ಞಾನದ ವಿಚಾರವನ್ನು ಮುಚ್ಚಿಟ್ಟರೆ ಓದುಗರಿಗೆ ಅನ್ಯಾಯ ಮಾಡಿದಂತೆ. ಮೇಘನಾ ಚಿಕ್ಕವಳಿದ್ದಾಗ ಅವಳನ್ನು ಕಾರ್ಮೆಲ್ ವ್ಯಾಲಿಯ ಫುಟ್‌ಬಾಲ್ ಮೈದಾನಗಳಿಗೆ ಎಂಟು ವರ್ಷ ನಿಷ್ಠೆಯಿಂದ ಡ್ರೈವ್ ಮಾಡಿದವನು ನಾನು. ಎಂಟು ವರ್ಷವೂ ಮಡಚುವ ಕುರ್ಚಿಯ ಮೇಲೆ ಕೂತು ಆಫೀಸಿನ ಈಮೇಲ್ ಓದಿದವನೂ ನಾನೇ. ಆಫ್‌ಸೈಡ್ ಎಂಬ ತತ್ತ್ವ ನನಗೆ ಅದ್ವೈತಕ್ಕಿಂತ ದುರೂಹವಾಗಿಯೇ ಉಳಿದಿತ್ತು. ಹೀಗಾಗಿ ನೆರೆಯಾ ಕೊಟ್ಟ ಟಿಕೆಟ್ಟಿನಲ್ಲಿ ಮೂವರೂ ಮೊದಲ ಪಂದ್ಯಕ್ಕೆ ಹೋದಾಗ ನಾನು ಚೆಂಡನ್ನು ಹಿಂಬಾಲಿಸಿದೆ, ಚೆಂಡು ಅವಳ ಬಳಿ ಹೆಚ್ಚು ಹೋಗಲಿಲ್ಲ, ಹೋದರೂ ಅವಳು ಅದನ್ನು ತಕ್ಷಣ ಪಕ್ಕದವಳಿಗೆ ಕೊಟ್ಟುಬಿಟ್ಟಳು. ಮನೆಗೆ ಬಂದು ಊಟಕ್ಕೆ ಕೂತಾಗ, ಸಮಾಧಾನ ಹೇಳುವ ಹಿರಿಯನ ಗತ್ತಿನಲ್ಲಿ, "ಪರವಾಗಿಲ್ಲ, ಮುಂದಿನ ಸಲ ನಿನಗೂ ಅವಕಾಶ ಸಿಗುತ್ತದೆ" ಎಂದೆ.

ಮೇಘನಾ ಅನ್ನದ ತಟ್ಟೆಗೆ ಹಣೆ ತಾಗುವಷ್ಟು ಬಗ್ಗಿದಳು. "ಅಪ್ಪಾ, ಓ ಮೈ ಗಾಡ್. ಶೀ ವಾಸ್ ದ ಬೆಸ್ಟ್ ಪ್ಲೇಯರ್."

ನೆರೆಯಾ ಸಿಟ್ಟಾಗಲಿಲ್ಲ. ಊಟವಾದ ಮೇಲೆ ಅದೇ ಪಂದ್ಯದ ರೆಕಾರ್ಡಿಂಗನ್ನು ಟೀವಿಗೆ ಹಾಕಿ, "ಅಂಕಲ್, ಹತ್ತು ನಿಮಿಷ ಚೆಂಡನ್ನು ಮರೆತುಬಿಡಿ. ನನ್ನನ್ನು ಮಾತ್ರ ನೋಡಿ" ಎಂದಳು.

ನೋಡಿದೆ. ಮೈದಾನದ ನಡುವೆ, ತನ್ನ ರಕ್ಷಣಾ ಪಂಕ್ತಿಗೆ ಸ್ವಲ್ಪ ಮುಂದೆ ನಿಂತ ಆ ಹೆಂಗಸು ಒಂದು ಕ್ಷಣವೂ ಸುಮ್ಮನಿರಲಿಲ್ಲ. ಎರಡು ಉಸಿರಿಗೊಮ್ಮೆ ಭುಜದ ಮೇಲಿಂದ ಹಿಂದೆ ನೋಡುತ್ತಿದ್ದಳು. ಎದುರಾಳಿ ಚೆಂಡನ್ನು ಒದೆಯಲು ಕಾಲೆತ್ತುವ ಮೊದಲೇ ಇವಳು ಎಡಕ್ಕೆ ಮೂರು ಹೆಜ್ಜೆ ಸರಿಯುತ್ತಿದ್ದಳು. ಆ ದಾರಿ ಮುಚ್ಚಿತೆಂದು ಕಂಡ ಎದುರಾಳಿ ಬೇರೆ ಕಡೆಗೆ, ಅಪಾಯವಿಲ್ಲದ ಕಡೆಗೆ, ಒದೆಯುತ್ತಿದ್ದಳು. ಡಿಫೆನ್ಸಿವ್ ಮಿಡ್‌ಫೀಲ್ಡರ್ ಎಂಬ ಎರಡು ಪದದ ಬಿರುದಿನ ಹಿಂದಿನ ಕೆಲಸ ಇಷ್ಟೇ: ಎದುರಾಳಿಯ ಮನಸ್ಸಿನಲ್ಲಿ ಮೂಡಿದ ಸಂಕಲ್ಪವನ್ನು ಅಲ್ಲಿಯೇ ವಿಕಲ್ಪಗೊಳಿಸುವುದು. ಚಪ್ಪಾಳೆ ಗೋಲು ಹೊಡೆದವರಿಗೆ. ಇವಳ ಪಾಲಿಗೆ ಬರುವುದು ಆಗೊಮ್ಮೆ ಈಗೊಮ್ಮೆ ರೆಫರಿಯ ಎಚ್ಚರಿಕೆಯ ಒಂದು ಹಳದಿ ಕಾರ್ಡು.

ಅವಳ ವೃತ್ತಿಜೀವನದ ಕಥೆ ನಮಗೆ ದೊರೆತದ್ದು ತುಣುಕು ತುಣುಕಾಗಿ, ವಿಮಲಾ ರೊಟ್ಟಿ ಬಡಿಯುವಾಗ ಅಡುಗೆಮನೆಯ ಕಟ್ಟೆಗೆ ಒರಗಿ ನಿಂತು ಅವಳು ಹೇಳಿದ ಹಾಗೆ. ಸ್ಪೇನಿನ ಉತ್ತರ ಕರಾವಳಿಯ ಸಣ್ಣ ಬಂದರು. ತಾಯಿಗೆ ಮೀನು ಡಬ್ಬಿಗೆ ತುಂಬುವ ಕಾರ್ಖಾನೆಯಲ್ಲಿ ಕೆಲಸ. ಹನ್ನೆರಡನೆಯ ವಯಸ್ಸಿನವರೆಗೆ ಗಂಡುಹುಡುಗರ ತಂಡದಲ್ಲಿ ಆಡಿದಳು. ಆಮೇಲೆ ನಿಯಮ ಅಡ್ಡಬಂದು, ಹೆಣ್ಣುಮಕ್ಕಳ ತಂಡವಿದ್ದ ಪಟ್ಟಣಕ್ಕೆ ದಿನಾ ಎರಡು ಬಸ್ಸು ಬದಲಿಸಿ ಹೋದಳು. ಮುಂಜಾನೆ ಬೇಕರಿಯಲ್ಲಿ ದುಡಿದು ಸಂಜೆ ಅಭ್ಯಾಸ ಮಾಡಿದ ವರ್ಷಗಳಿದ್ದವು. ರಾಷ್ಟ್ರೀಯ ತಂಡದ ಶಿಬಿರಕ್ಕೆ ಒಮ್ಮೆ ಕರೆ ಬಂತು. ಬೆಂಚಿನ ಮೇಲೆ ಕೂತು ಮರಳಿದಳು. ಹೊಡೆದ ಗೋಲುಗಳನ್ನು ಎಣಿಸಲು ಎರಡು ಕೈಯ ಬೆರಳು ಸಾಕು. "ಒಂದು ನನ್ನ ಬೆನ್ನಿಗೆ ತಾಗಿ ಒಳಗೆ ಹೋದದ್ದು. ಅದನ್ನೂ ಸೇರಿಸಿದ್ದೇನೆ" ಎಂದು ಅವಳೇ ನಕ್ಕಳು. ಸ್ಯಾನ್ ಡಿಯಾಗೊದ ತಂಡ ಕರೆದಾಗ ಅವಳಿಗೆ ಇಪ್ಪತ್ತೊಂಬತ್ತು ದಾಟಿತ್ತು.

ಎರಡನೆಯ ಆಟದ ಋತುವಿನ ಒಂದು ಮಧ್ಯಾಹ್ನ, ನಾವು ನೋಡುತ್ತಿದ್ದಂತೆಯೇ, ಯಾರೂ ಮುಟ್ಟದೆ, ತಿರುಗುವ ಭರದಲ್ಲಿ ಅವಳ ಬಲಮೊಣಕಾಲು ಸೋತಿತು. ಚೆಂಡು ಆಗ ಬಹುದೂರದಲ್ಲಿತ್ತು. ಮೈದಾನದ ಕಣ್ಣೆಲ್ಲ ಅತ್ತ ಇದ್ದಾಗ, ಅವಳನ್ನೇ ನೋಡುವ ಅಭ್ಯಾಸವಾಗಿದ್ದ ನಾವು ಮೂವರು ಮಾತ್ರ ಅವಳು ಬಿದ್ದುದನ್ನು ಕಂಡೆವು. ವಿಮಲಾ ನನ್ನ ಮುಂಗೈಯನ್ನು ಹಿಡಿದ ಹಿಡಿತದ ಗುರುತು ಎರಡು ದಿನ ಉಳಿಯಿತು.

ಮೊಣಕಾಲೊಳಗೆ ಎಲುಬುಗಳನ್ನು ಕೂಡಿಸಿ ಹಿಡಿಯುವ ಮುಖ್ಯವಾದ ಒಂದು ಲಿಗಮೆಂಟ್ ಹರಿದಿತ್ತು. ಶಸ್ತ್ರಚಿಕಿತ್ಸೆಯಾಯಿತು. ಗುಣವಾಗಲು ಒಂಬತ್ತು ತಿಂಗಳೆಂದರು. ಅಷ್ಟರೊಳಗೆ ಒಪ್ಪಂದದ ಅವಧಿ ಮುಗಿಯಿತು, ತಂಡ ಅದನ್ನು ನವೀಕರಿಸಲಿಲ್ಲ. ಮನೆಗೆ ಬಂದುಬಿಡು ಎಂದು ತಾಯಿ ಫೋನಿನಲ್ಲಿ ಅತ್ತರು. ನೆರೆಯಾ ಹೋಗಲಿಲ್ಲ. ಗರಾಜಿನ ಮೆಟ್ಟಿಲು ಹತ್ತಲಾಗದ ಅವಳನ್ನು ವಿಮಲಾ ಕೆಳಗಿನ ಕೋಣೆಗೆ ತಂದು ಮಲಗಿಸಿದಳು; ಮಂಜುಗಡ್ಡೆಯನ್ನು ತನ್ನ ಹಳೆಯ ನೂಲಿನ ಸೀರೆಯ ತುಂಡಿನಲ್ಲಿ ಸುತ್ತಿ ಮೊಣಕಾಲಿಗೆ ಕಟ್ಟಿದಳು. ವಾರಕ್ಕೆ ಮೂರು ದಿನ ಫಿಸಿಯೋಥೆರಪಿಗೆ ಡ್ರೈವ್ ಮಾಡುವ ಕೆಲಸ ನನಗೆ ಬಂತು.

ಅಲ್ಲಿ ನಾನು ನನ್ನ ಬುದ್ಧಿವಂತಿಕೆಯನ್ನು ತೋರಿಸಿದೆ. ಫ್ರೀವೇಯಲ್ಲಿ ಹೋಗುತ್ತ ಒಂದು ದಿನ, "ನೆರೆಯಾ, ಕೋಚಿಂಗ್ ಲೈಸೆನ್ಸಿಗೆ ಅಪ್ಲೈ ಮಾಡಬಹುದಲ್ಲ? ಕೆಲಸ ಸ್ಥಿರವಾಗಿರುತ್ತೆ. ಮೂವತ್ತೊಂದು ವಯಸ್ಸು, ಈ ಮೊಣಕಾಲು... ಮತ್ತೆ ಆಡುವುದು ಯಾಕೆ?" ಎಂದೆ. ಜೀವನವಿಡೀ ಟೆಲಿಕಾಂ ಕಂಪನಿಗಳಲ್ಲಿ ಸುರಕ್ಷಿತವಾದ ಕುರ್ಚಿಗಳನ್ನೇ ಹುಡುಕಿ ಕೂತ ನನಗೆ ಅದು ಸಹಜವಾದ ಹಿತನುಡಿಯಾಗಿ ಕಂಡಿತ್ತು. ಅವಳು ಕಿಟಕಿಯತ್ತ ಮುಖ ತಿರುಗಿಸಿದಳು. ಮನೆಗೆ ಬಂದವಳೇ ಕೋಣೆಯ ಬಾಗಿಲು ಹಾಕಿಕೊಂಡಳು.

ನಡೆದದ್ದನ್ನು ವಿಮಲಾಳಿಗೆ ಹೇಳಿದೆ. ಅವಳು ಲಟ್ಟಣಿಗೆ ಕೆಳಗಿಟ್ಟಳು.

"ಆಕಿ ನಿಮ್ಮನ್ನ ಅಡ್ವೈಸ್ ಕೇಳಿದ್ಲೇನ್ರಿ?"

"ಇಲ್ಲ, ಆದರೆ..."

"ಡ್ರೈವ್ ಮಾಡ್ರಿ ಅಂತ ಕೇಳ್ಯಾಳ. ಡ್ರೈವ್ ಮಾಡ್ರಿ. ಅಷ್ಟ."

ಮೂವತ್ತು ವರ್ಷದ ದಾಂಪತ್ಯದಲ್ಲಿ ನನಗೆ ದೊರೆತ ಉಪದೇಶಗಳಲ್ಲೆಲ್ಲ ಇದೇ ಅತ್ಯಂತ ಸಂಕ್ಷಿಪ್ತವಾದದ್ದು, ಬಹುಶಃ ಅತ್ಯಂತ ನ್ಯಾಯವಾದದ್ದೂ. ಮರುದಿನ ಬೆಳಗ್ಗೆ ಬಾಗಿಲು ತಟ್ಟಿ, "ತಪ್ಪಾಯಿತು. ಎಷ್ಟು ಗಂಟೆಗೆ ಹೊರಡೋಣ?" ಎಂದಷ್ಟೇ ಕೇಳಿದೆ. ಅವಳು ಊರುಗೋಲು ತೆಗೆದುಕೊಂಡು ಎದ್ದಳು. ಕಾರಿನಲ್ಲಿ ಕೂತ ಮೇಲೆ, ಮುಂದಿನ ರಸ್ತೆಯನ್ನೇ ನೋಡುತ್ತ ಹೇಳಿದಳು: "ಅಂಕಲ್, ಇನ್ನೊಂದು ಸಲ ಆಡಿ, ಆಗುವುದಿಲ್ಲ ಅಂತ ಗೊತ್ತಾದರೆ ನಾನೇ ನಿಲ್ಲಿಸುತ್ತೇನೆ. ಈಗಲೇ ನಿಂತರೆ, ನಿಲ್ಲಿಸಿದ್ದು ನಾನೋ ಮೊಣಕಾಲೋ ಅಂತ ನನಗೆ ಯಾವತ್ತೂ ಗೊತ್ತಾಗುವುದಿಲ್ಲ."

ನಮ್ಮ ಬಡಾವಣೆಯ ಪಕ್ಕದಲ್ಲಿ ಒಂದು ಕೆರೆಯಿದೆ, ಸುತ್ತಲೂ ನಡೆಯುವ ದಾರಿಯಿದೆ. ಊರುಗೋಲು ಬಿಟ್ಟ ಮೇಲೆ ಅಲ್ಲಿಗೆ ಇಬ್ಬರೂ ಹೋಗತೊಡಗಿದೆವು. ಮೊದಲ ವಾರಗಳಲ್ಲಿ ನಾನು ಅವಳಿಗಾಗಿ ನಿಧಾನಿಸುತ್ತಿದ್ದೆ; ಹೊಟ್ಟೆಯ ಭಾರ ಹೊತ್ತ ನನಗೆ ಯಾರಿಗಾದರೂ ನಿಧಾನಿಸುವ ಸೌಭಾಗ್ಯ ಬಹಳ ವರ್ಷಗಳ ನಂತರ ಲಭಿಸಿತ್ತು, ಅದನ್ನು ಚೆನ್ನಾಗಿಯೇ ಅನುಭವಿಸಿದೆ. ಆಮೇಲೆ ಸಮಸಮ ನಡೆದೆವು. ಆಮೇಲೊಂದು ಬೆಳಗ್ಗೆ ಅವಳು, "ಆ ತಿರುವಿನವರೆಗೆ ಓಡಲೇ?" ಎಂದು ಕೇಳಿ, ಅಳುಕುತ್ತ ಓಡಿದಳು, ತಿರುವಿನಲ್ಲಿ ನಿಂತಳು, ಮೊಣಕಾಲು ಮುಟ್ಟಿ ನೋಡಿಕೊಂಡಳು, ಮತ್ತೆ ಓಡಿ ಮರೆಯಾದಳು. ಒಬ್ಬನೇ ನಿಂತು ಏದುಸಿರು ಬಿಡುತ್ತಿದ್ದ ನನಗೆ ಸೋತದ್ದರ ಸಂತೋಷಕ್ಕೆ ಕಣ್ಣು ಮಂಜಾಯಿತು.

ಲಾಸ್ ಏಂಜಲೀಸಿನ ತಂಡವೊಂದು ಪರೀಕ್ಷಾರ್ಥ ಆಡಲು ಕರೆದಾಗಲೂ ಡ್ರೈವ್ ಮಾಡಿದವನು ನಾನೇ. ಮೂರು ದಿನ, ದಿನವೂ ಎರಡೂವರೆ ಗಂಟೆಯ ದಾರಿ. ಪಾರ್ಕಿಂಗ್ ಲಾಟಿನಲ್ಲಿ ಕೂತು ಪುಸ್ತಕದ ಒಂದೇ ಪುಟವನ್ನು ಮೂರು ದಿನ ಓದಿದೆ. ಕೊನೆಯ ದಿನ ಅವಳು ಬಂದು ಬೆಲ್ಟ್ ಹಾಕಿಕೊಂಡು, "ಹಸಿವು" ಎಂದಳು. ಮುಖದಲ್ಲಿ ಏನೂ ಓದಲಾಗಲಿಲ್ಲ. ಡ್ರೈವ್ ಮಾಡಿದರೆ ಸಾಕೆಂಬ ಉಪದೇಶ ನೆನಪಿತ್ತು. ಏನೂ ಕೇಳದೆ, ದಾರಿಯಲ್ಲೇ ಸಿಗುವ ಆರ್ಟೀಷಿಯಾದ ಒಂದು ದೋಸೆ ಹೋಟೆಲಿಗೆ ಕರೆದೊಯ್ದೆ. ಅರ್ಧ ದೋಸೆ ಮುಗಿಸಿ, ಬೆರಳು ಒರೆಸಿಕೊಂಡು, "ಒಂದು ಋತುವಿಗೆ ತೆಗೆದುಕೊಂಡರು, ಅಂಕಲ್" ಎಂದಳು. ನಾನು ಹಾಕಿದ ಕೂಗಿಗೆ ಬಡಿಸುವವನು ಚಟ್ನಿ ಹಿಡಿದು ಓಡಿಬಂದ.

ಅವಳು ಲಾಸ್ ಏಂಜಲೀಸಿನ ಪಕ್ಕದ ಪಸಡೀನಾದಲ್ಲಿ ಕೋಣೆ ಹಿಡಿದು ಹೋದಳು. ಮೊದಲ ತಿಂಗಳುಗಳೆಲ್ಲ ಬೆಂಚಿನ ಮೇಲೆಯೇ ಕಳೆದವು. ಆ ಬೇಸಿಗೆಯಲ್ಲಿ ಲಾಸ್ ಏಂಜಲೀಸಿನ ತಂಡ ನಮ್ಮೂರಿಗೆ ಆಡಲು ಬಂತು. ಸುತ್ತಲೂ ಸ್ಯಾನ್ ಡಿಯಾಗೊದ ಅಭಿಮಾನಿಗಳು, ನಮ್ಮ ಕೊರಳಲ್ಲೂ ಅದೇ ತಂಡದ ಶಾಲು. ಲಾಸ್ ಏಂಜಲೀಸ್ ಒಂದು ಗೋಲಿನಿಂದ ಮುಂದಿತ್ತು. ಅರವತ್ತೆಂಟನೆಯ ನಿಮಿಷಕ್ಕೆ, ಆ ಮುನ್ನಡೆ ಕಾಯಲೆಂದು, ನೆರೆಯಾಳನ್ನು ಮೈದಾನಕ್ಕಿಳಿಸಿದರು. ವಿಮಲಾ ಎದ್ದು ನಿಂತಳು. ಹಿಂದಿನವರು ಕೂತುಕೊಳ್ಳಿ ಎಂದರೂ ಕೂರಲಿಲ್ಲ.

ನಮ್ಮೂರಿನ ತಂಡ ಹುಚ್ಚು ಪ್ರವಾಹದಂತೆ ಮೇಲೆ ಬೀಳುತ್ತಿತ್ತು. ಎಂಬತ್ತಮೂರನೆಯ ನಿಮಿಷ: ಬಲಗಡೆಯಿಂದ ನಮ್ಮೂರಿನ ಚುರುಕಾದ ಒಬ್ಬ ಹುಡುಗಿ ಚೆಂಡು ತಂದಳು, ಲಾಸ್ ಏಂಜಲೀಸಿನ ರಕ್ಷಕಿಯೊಬ್ಬಳು ಜಾರಿಬಿದ್ದಳು, ಗೋಲಿನ ಮುಂದೆ ವಿಶಾಲವಾದ ಬಯಲು ತೆರೆಯಿತು, ಅಲ್ಲಿಗೆ ನಮ್ಮೂರಿನ ಇನ್ನೊಬ್ಬಳು ಧಾವಿಸಿದಳು. ಇಡೀ ಕ್ರೀಡಾಂಗಣ ಚೆಂಡನ್ನು ನೋಡುತ್ತಿತ್ತು. ನೆರೆಯಾ ಚೆಂಡಿನತ್ತ ಹೋಗಲೇ ಇಲ್ಲ. ಭುಜದ ಮೇಲಿಂದ ಒಮ್ಮೆ ನೋಡಿ, ಕೆಲವೇ ಹೆಜ್ಜೆ ಹಿಂದೆ ಸರಿದು, ಆ ಇಬ್ಬರ ನಡುವಿನ ದಾರಿಯಲ್ಲಿ ನಿಂತಳು. ಚೆಂಡಿನವಳು ಕಾಲೆತ್ತಿದಳು, ನೋಡಿದಳು, ತಡೆದಳು, ತಿರುಗಿ ಚೆಂಡನ್ನು ಹಿಂದಕ್ಕೆ ಒದ್ದಳು. ಸುತ್ತಲೂ ನಿಟ್ಟುಸಿರು. ನಾನೊಬ್ಬನೇ ಎದ್ದು ಚಪ್ಪಾಳೆ ತಟ್ಟಿದೆ.

ಮುಂದಿನ ಸಾಲಿನವನು ನನ್ನ ಶಾಲನ್ನೂ ಮುಖವನ್ನೂ ನೋಡಿ, "ಏನಾಯಿತು?" ಎಂದು ಕೇಳಿದ.

"ಏನೂ ಆಗಲಿಲ್ಲ" ಎಂದೆ, ಎದೆಯುಬ್ಬಿಸಿ.

ಪಂದ್ಯ ಅದೇ ಅಂತರದಲ್ಲಿ ಮುಗಿಯಿತು. ನೆರೆಯಾ ಆಮೇಲೆ ಮರುವರ್ಷದ ಋತುವನ್ನೂ ಲಾಸ್ ಏಂಜಲೀಸಿಗೇ ಆಡಿದಳು, ಹೆಚ್ಚಿನ ಪಂದ್ಯಗಳಲ್ಲಿ ಮೊದಲ ನಿಮಿಷದಿಂದಲೇ. ನಿಲ್ಲಿಸುವುದನ್ನು ತಾನೇ ತೀರ್ಮಾನಿಸಿ, ಈಗ ತನ್ನ ಬಂದರಿನಲ್ಲಿ ಹೆಣ್ಣುಮಕ್ಕಳ ತಂಡಕ್ಕೆ ಆಟ ಕಲಿಸುತ್ತಿದ್ದಾಳೆ. ಆದರೆ ಅವಳ ವೃತ್ತಿಜೀವನದ ಶಿಖರ ಯಾವುದೆಂದು ನನ್ನನ್ನು ಕೇಳಿದರೆ, ಅಂದು ಪಂದ್ಯ ಮುಗಿದ ಮೇಲೆ ಬೇಲಿಯ ಬಳಿ ಕಳೆದ ಎರಡು ನಿಮಿಷವೆಂದೇ ಹೇಳುತ್ತೇನೆ.

ಅವಳು ಬೆವರು ಸುರಿಸುತ್ತ ಬಂದು ವಿಮಲಾಳನ್ನು ಬೇಲಿಯ ಮೇಲಿಂದಲೇ ಅಪ್ಪಿಕೊಂಡಳು. ಆಮೇಲೆ ನನ್ನತ್ತ ತಿರುಗಿ, ಉತ್ತರ ನಿರೀಕ್ಷಿಸದವರ ಹಾಗೆ, "ಹೇಗಿತ್ತು ಅಂಕಲ್?" ಎಂದಳು.

"ಎಂಬತ್ತಮೂರನೆಯ ನಿಮಿಷ" ಎಂದೆ.

ಅವಳ ನಗು ನಿಂತಿತು. ಬೇಲಿಯ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ನೀವು ನೋಡಿದಿರಾ?"

"ನೋಡಿದೆ. ಆರು ಹೆಜ್ಜೆ ಹಿಂದೆ ಹೋದೆ."

ಅವಳ ಕಣ್ಣು ತುಂಬಿ ಬಂತು. ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡಳು, ಆದರೆ ಲೆಕ್ಕ ತಪ್ಪಲು ಬಿಡಲಿಲ್ಲ.

"ಐದು, ಅಂಕಲ್. ಆರನೆಯದು ಬೇಕಾಗಲಿಲ್ಲ."